ಸೇನಾ ವಾಹನದ ಕಿರಿಯ ಮೆಕ್ಯಾನಿಕ್‌ಗೆ ಎಂಟು ಸೂತ್ರಗಳು

ಸೇನೆಯ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಪಕ್ಕದಲ್ಲಿ ಗ್ಯಾರೇಜ್ ಇರುವುದಿಲ್ಲ. ಒಳಗೆ ಕೂತವರ ಜೀವ ಆ ಗಾಡಿಯನ್ನೇ ನಂಬಿರುತ್ತದೆ. 1943ರ ಅಕ್ಟೋಬರ್ 15ರಂದು ಹುಟ್ಟಿದ, ಸೇನೆಯ ಯಂತ್ರ-ವಾಹನಗಳನ್ನು ರಿಪೇರಿ ಮಾಡುವ ಇಎಂಇ ದಳ ಇರುವುದೇ ಈ ನಂಬಿಕೆ ಉಳಿಸಲು. ಸಿಕಂದರಾಬಾದಿನಲ್ಲೋ ಭೋಪಾಲದಲ್ಲೋ ತರಬೇತಿ ಮುಗಿಸಿ ಹೊರಟ ನಮ್ಮ ಹುಡುಗರಿಗೆ ಈ ಮಾತುಗಳು.

1. ಫಸ್ಟ್ ಪೆರೇಡ್ ಶಾಸ್ತ್ರಕ್ಕೆ ಮುಗಿಯದಿರಲಿ. ಗಾಡಿ ಹೊರಡುವ ಮುನ್ನ ನಡೆಯುವ ಈ ತಪಾಸಣೆ ಚಾಲಕನ ಕೆಲಸ, ನಿಜ. ಆದರೂ ಪಕ್ಕದಲ್ಲಿ ನಿಂತು ನೋಡಿ. ಡಿಪ್‌ಸ್ಟಿಕ್‌ಗೆ ಅಂಟಿದ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಲೆಕ್ಕ, ಸ್ಟಾರ್ಟ್ ಮಾಡಲು ಬಿಡಬೇಡಿ. ಗಾಡಿ ರಾತ್ರಿ ನಿಂತಿದ್ದ ನೆಲವನ್ನೂ ನೋಡಿ. ಟೈರಿನ ಒಳಬದಿ ಒದ್ದೆಯಾಗಿದ್ದರೆ ಹಬ್ಬಿನ ಸೀಲ್ ಅಥವಾ ಬ್ರೇಕ್ ಸೋರುತ್ತಿರಬಹುದು.

2. ಜಾಕಿ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡೆ ಇಟ್ಟ ಮೇಲೆಯೇ ಗಾಡಿಯಡಿ ಹೋಗಿ. ಎರಡು ತುಂಡಿನ ರಿಮ್ ಇದ್ದರೆ, ನಟ್ಟು ಬಿಚ್ಚುವ ಮೊದಲು ವಾಲ್ವ್ ತೆಗೆದು ಗಾಳಿ ಪೂರ್ತಿ ಇಳಿಸಿ. ಗಾಳಿ ಇರುವಾಗಲೇ ರಿಮ್ ಬಿಚ್ಚಿಕೊಂಡರೆ ಎದುರಿಗಿದ್ದವನ ಪ್ರಾಣಕ್ಕೇ ಸಂಚಕಾರ.

3. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಉಂಗುರ, ಕಡಗ ತೆಗೆದಿಡಿ.

4. ಜಾಗ ಬದಲಾದರೆ ಗಾಡಿಯ ಕಾಯಿಲೆಯೂ ಬದಲಾಗುತ್ತದೆ. ರಾಜಸ್ಥಾನದ ಮರಳಲ್ಲಿ ಏರ್ ಕ್ಲೀನರ್ ಕಡೆಗಣಿಸಿದರೆ ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ. ಲಡಾಖ್‌ನ ಕಷ್ಟವೇ ಬೇರೆ. ಸಾಮಾನ್ಯ ಡೀಸೆಲ್‌ನಲ್ಲಿರುವ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಅಲ್ಲಿಗೆ ತಂದದ್ದು ಇದಕ್ಕೇ. ಬ್ರೇಕಿನ ಏರ್ ಟ್ಯಾಂಕ್‌ನಲ್ಲಿ ಸೇರಿದ ನೀರನ್ನು ಸಂಜೆಯೇ ಬಸಿದುಬಿಡಿ; ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಬ್ರೇಕ್ ಹಿಡಿಯುತ್ತದೋ ಬಿಡುತ್ತದೋ ಹೇಳಲಾಗದು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಇಂಜಿನ್ ಕಪ್ಪು ಹೊಗೆ ಬಿಟ್ಟ ಕೂಡಲೇ ಇಂಜೆಕ್ಟರ್ ಬಿಚ್ಚಲು ಹೊರಡಬೇಡಿ. ಗಾಳಿಯೇ ತೆಳುವಾಗಿದೆ.

5. ಪಾನಾಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಇಡಿ. ಟಿ-72 ಟ್ಯಾಂಕಿನ ತೂಕ 41 ಟನ್ನಿಗೂ ಹೆಚ್ಚು. ಅದರೊಳಗೆ ಮರೆತುಹೋದ ಒಂದು ಪಾನಾ ಚಾಲಕನ ಪೆಡಲ್ಲಿನ ಕೆಳಗೆ ಸಿಕ್ಕಿಕೊಂಡರೆ ಟ್ಯಾಂಕನ್ನು ನಿಲ್ಲಿಸುವವರು ಯಾರು? ಒಂದು ಕಡಿಮೆ ಬಂದರೂ ಗಾಡಿಯನ್ನು ಬಿಟ್ಟುಕೊಡಬೇಡಿ, ಹುಡುಕಿ.

6. ಮಾಡಿದ್ದನ್ನೇ ಬರೆಯಿರಿ. ನನ್ನ ಪ್ರಕಾರ ಎಂಟರಲ್ಲಿ ಇದೇ ದೊಡ್ಡದು. ತಪಾಸಣೆಯ ಹಿಂದಿನ ದಿನ ಲಾಗ್‌ಬುಕ್ಕಿನ ಖಾಲಿ ಸಾಲುಗಳನ್ನೆಲ್ಲ ಒಂದೇ ಸಲಕ್ಕೆ ತುಂಬುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಗೇರ್‌ಬಾಕ್ಸ್ ಆಯಿಲ್ ಬದಲಾಗಿದೆ ಎಂಬ ಸಾಲನ್ನು ನಂಬಿ ಆ ಗಾಡಿಯನ್ನು ಗಡಿಗೆ ಕಳಿಸುವವರು ನಿಮ್ಮ ಮುಖವನ್ನೂ ನೋಡಿರುವುದಿಲ್ಲ. ಆಯಿಲ್ ಬದಲಿಸಿಲ್ಲವೆಂದರೆ ಇಲ್ಲ ಎಂದೇ ಬರೆಯಿರಿ. ಪಾರ್ಟ್ ಸಿಗದೆ ಗಾಡಿ ನಿಂತಿದ್ದರೆ ಅದನ್ನೂ ಬರೆಯಿರಿ. ಬೈಸಿಕೊಂಡರೆ ಬೈಸಿಕೊಳ್ಳಿ.

7. ಉಸ್ತಾದರು ಇಂಜಿನ್ನಿಗೆ ಕಿವಿ ಕೊಟ್ಟು ದೋಷ ಹಿಡಿಯುತ್ತಾರೆ. ಆ ವಿದ್ಯೆ ಪುಸ್ತಕದಲ್ಲಿ ಸಿಗದು, ಬೆನ್ನು ಬಿಡದೆ ಕಲಿಯಿರಿ. ಸಿಲಿಂಡರ್ ಹೆಡ್ಡಿನ ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಮಾತ್ರ ಮ್ಯಾನುಯಲ್ ನೋಡಿ, ಟಾರ್ಕ್ ರೆಂಚ್ ಹಿಡಿದೇ ಬಿಗಿಯಿರಿ. ಕೈಯಂದಾಜು ಅಲ್ಲಿ ನಡೆಯದು.

8. ರಿಕವರಿ ಕೆಲಸಕ್ಕೆ ಕರೆದರೆ ಹಿಂಜರಿಯಬೇಡಿ. ಕೆಸರಲ್ಲಿ ಹೂತ ಟ್ಯಾಂಕನ್ನು ಎಳೆಯುವ ಆರ್ಮರ್ಡ್ ರಿಕವರಿ ವಾಹನಗಳನ್ನು ನಮ್ಮ ಬೆಂಗಳೂರಿನ ಬಿಇಎಂಎಲ್ ಕಟ್ಟಿಕೊಟ್ಟಿದೆ. ಅವುಗಳ ವಿಂಚ್ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದವರು ಬೇಗ ಪಳಗುತ್ತಾರೆ. ತಂತಿಹಗ್ಗ ಮುಟ್ಟುವಾಗ ಚರ್ಮದ ಕೈಗವಸು ಹಾಕಿ, ಬಿಟ್ಟುಕೊಂಡ ಎಳೆಗಳು ಅಂಗೈ ಸೀಳುತ್ತವೆ. ಹಗ್ಗ ಬಿಗಿಯಾದ ಮೇಲೆ ಅದನ್ನು ದಾಟಬೇಡಿ, ಅದರ ಉದ್ದದಷ್ಟು ದೂರದೊಳಗೆ ಯಾರನ್ನೂ ನಿಲ್ಲಗೊಡಬೇಡಿ. ನಿಂತವರು ಅಧಿಕಾರಿಯಾಗಿದ್ದರೂ ಸರಿ, ‘ಸಾಬ್, ಹಿಂದೆ ಬನ್ನಿ’ ಎಂದು ಗಟ್ಟಿಯಾಗಿ ಹೇಳಿ.