ವೈಟ್‌ಬೋರ್ಡ್ ಟೂಲ್‌ಗಳಿಗೆ ವಿವರಣೆ ಬರೆಯುವವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಡಿಜಿಟಲ್ ವೈಟ್‌ಬೋರ್ಡ್ ತಿದ್ದುವ ಎಐ ಏಜೆಂಟ್‌ಗೆ ಟೂಲ್ ಬರೆದುಕೊಡುವ ಪ್ರತಿಯೊಬ್ಬರೂ ಇದನ್ನು ಪಾಲಿಸಬೇಕು. ಏಜೆಂಟ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಏಜೆಂಟ್‌ಗೆ ಟೂಲ್ ಜೋಡಿಸಲೆಂದು 2024ರ ನವೆಂಬರ್‌ನಲ್ಲಿ ಬಂದ ಎಂಸಿಪಿ ಪದ್ಧತಿಯಲ್ಲಿ ಅದಕ್ಕೆ ಮುಖ್ಯವಾಗಿ ಸಿಗುವುದು ಮೂರು: ಟೂಲ್‌ನ ಹೆಸರು, ವಿವರಣೆ, ಏನೇನು ಮೌಲ್ಯ ಕೊಡಬೇಕೆಂಬ ಸ್ಕೀಮಾ. ನಿಮ್ಮ ಕಣ್ಣಿಗೆ ಹಳದಿ ಚೀಟಿ, ಬಾಣ, ಚೌಕವಾಗಿ ಕಾಣುವುದು ಅದಕ್ಕೆ ಹೆಚ್ಚಾಗಿ ಐಡಿ ಮತ್ತು ಅಂಕಿಗಳ ಪಟ್ಟಿ. ಬೋರ್ಡನ್ನು ಒಮ್ಮೆಯೂ ನೋಡದವರಿಗೆ ಫೋನಿನಲ್ಲಿ ಹೇಳಿ ಕೆಲಸ ಮಾಡಿಸುವಾಗ ಎಷ್ಟು ಬಿಡಿಸಿ ಹೇಳುತ್ತೀರೋ ಅಷ್ಟು ಬಿಡಿಸಿ ಬರೆಯಿರಿ.

ಮಾಡಬಾರದ್ದು: ಅಳಿಸುವ ಟೂಲ್‌ನ ವಿವರಣೆಯಲ್ಲಿ ‘ತೆಗೆ’ ಎಂಬ ಪದ ಬಳಸಬೇಡಿ.

ಬಾಗಿಲು ತೆಗೆ ಅಂದರೆ ತೆರೆ. ಕಸ ತೆಗೆ ಅಂದರೆ ಆಚೆ ಹಾಕು. ಫೋಟೋ ತೆಗೆ ಅಂದರೆ ಹೊಸದೊಂದು ಮಾಡು. ನಮ್ಮ ಮಾತಿನಲ್ಲಿ ಈ ಮೂರೂ ಸರಿ, ಕೇಳುವವರಿಗೆ ಗೊಂದಲವಿಲ್ಲ. ಟೂಲ್‌ಗೆ ಇದೆ. ಶಿಕ್ಷಕರ ತರಬೇತಿಯ ಬೋರ್ಡ್ ಒಂದಕ್ಕೆ ನಾನೇ ಕನ್ನಡದಲ್ಲಿ ವಿವರಣೆ ಬರೆದಿದ್ದೆ: ‘ಫ್ರೇಮ್ ತೆಗೆಯಲು ಬಳಸಿ.’ ಇಷ್ಟೇ. ಒಬ್ಬ ಮೇಷ್ಟ್ರು ಪಾಠ ಶುರು ಮಾಡುವ ಮುನ್ನ ‘ಮೂರನೇ ಪಾಠದ ಫ್ರೇಮ್ ತೆಗಿ’ ಎಂದು ಬರೆದರು. ಏಜೆಂಟ್ ಫ್ರೇಮನ್ನೂ ಅದರೊಳಗಿನ ಚೀಟಿಗಳನ್ನೂ ಅಳಿಸಿತು. ಕಂಟ್ರೋಲ್ ಝಡ್ ಒತ್ತಿದರೆ ಏನೂ ಮರಳಲಿಲ್ಲ, ಏಕೆಂದರೆ ಆ ಬೋರ್ಡ್‌ನಲ್ಲಿ ಅನ್‌ಡೂ ಎಂಬುದು ಒತ್ತಿದವರ ಸ್ವಂತ ಬದಲಾವಣೆಗೆ ಮಾತ್ರ, ಅಳಿಸಿದ್ದು ಏಜೆಂಟ್. ಎರಡು ಸಂಜೆ ಕೂತು ಆ ಮೇಷ್ಟ್ರು ಸಿದ್ಧಮಾಡಿದ್ದ ಪಾಠ ಅದು. ಏಜೆಂಟ್ ತಪ್ಪು ತಿಳಿಯಿತು ಎಂದು ನಾನು ಹೇಳಲಾರೆ, ನಾನು ಬರೆದದ್ದನ್ನೇ ಅದು ಮಾಡಿತು.

ಆದ್ದರಿಂದ ಅಳಿಸುವ ಟೂಲ್‌ಗೆ ಹೀಗೆ ಬರೆಯಬೇಕು: ‘ಕೊಟ್ಟ ಐಡಿಯ ಫ್ರೇಮನ್ನೂ ಅದರೊಳಗಿನ ಎಲ್ಲ ವಸ್ತುಗಳನ್ನೂ ಶಾಶ್ವತವಾಗಿ ಅಳಿಸುತ್ತದೆ. ಬಳಕೆದಾರರ ಅನ್‌ಡೂ ಇದನ್ನು ಮರಳಿ ತರುವುದಿಲ್ಲ. ಫ್ರೇಮನ್ನು ತೆರೆದು ತೋರಿಸಲು ಇದನ್ನು ಬಳಸಬೇಡ. ಅದಕ್ಕೆ ಫ್ರೇಮ್ ತೋರಿಸುವ ಟೂಲ್ ಇದೆ. ಅಳಿಸಬೇಕೆಂದು ಬಳಕೆದಾರರು ಸ್ಪಷ್ಟವಾಗಿ ಹೇಳಿರದಿದ್ದರೆ ಮೊದಲು ಕೇಳು.’ ಉದ್ದವಾಯಿತು ಎಂಬ ದೂರು ಬೇಡ. ಏನು ಹೋಗುತ್ತದೆ, ಅದು ಮರಳುತ್ತದೋ ಇಲ್ಲವೋ, ಯಾವಾಗ ಬಳಸಬಾರದು ಎಂಬ ಮೂರೂ ಇರಲೇಬೇಕು. ಎಂಸಿಪಿಯಲ್ಲಿ ‘ಡಿಸ್ಟ್ರಕ್ಟಿವ್ ಹಿಂಟ್’ ಎಂಬ ಗುರುತು ಇದೆ, ಅದನ್ನೂ ಹಾಕಿ. ಆದರೆ ಅದು ಸುಳಿವು ಮಾತ್ರ, ಬೀಗವಲ್ಲ. ಒಪ್ಪಿಗೆ ಕೇಳುವ ಹಂತ ಕೋಡ್‌ನಲ್ಲೇ ಇರತಕ್ಕದ್ದು.

‘ಬೋರ್ಡ್ ಕ್ಲೀನ್ ಮಾಡು’ ಎಂಬುದೂ ಇದೇ ಜಾತಿಯದು. ಹೇಳುವವರ ಮನಸ್ಸಿನಲ್ಲಿ ಇರುವುದು ಬಹಳ ಸಲ ಚೀಟಿಗಳನ್ನು ಸಾಲಾಗಿ ಜೋಡಿಸುವುದು. ಜೋಡಿಸುವ ಟೂಲ್‌ನ ವಿವರಣೆಯಲ್ಲಿ ‘ಏನನ್ನೂ ಅಳಿಸುವುದಿಲ್ಲ, ಜಾಗ ಮಾತ್ರ ಬದಲಿಸುತ್ತದೆ’ ಎಂದು ಬರೆಯಿರಿ.

ಮಾಡಬೇಕಾದ್ದು: ಜಾಗ ಹೇಳುವ ಅಂಕಿ ಎಲ್ಲಿಂದ ಶುರು, ಯಾವ ಬಿಂದುವನ್ನು ಸೂಚಿಸುತ್ತದೆ ಎಂದು ಪ್ರತಿ ಟೂಲ್‌ನಲ್ಲೂ ಬರೆಯಿರಿ.

ಬೋರ್ಡ್‌ಗಳು ಈ ವಿಷಯದಲ್ಲಿ ಒಂದರಂತೆ ಒಂದಿಲ್ಲ. ಮಿರೋದ ಎಪಿಐಯಲ್ಲಿ ಎಕ್ಸ್, ವೈ ಎಂದರೆ ವಸ್ತುವಿನ ನಡುಬಿಂದು, ಸೊನ್ನೆ ಇರುವುದು ಬೋರ್ಡ್‌ನ ಮಧ್ಯದಲ್ಲಿ. ಅದೇ ವಸ್ತು ಫ್ರೇಮ್ ಒಳಗಿದ್ದರೆ ಅಳತೆ ಫ್ರೇಮ್‌ನ ಎಡ ಮೇಲ್ಮೂಲೆಯಿಂದ. ಎಕ್ಸ್‌ಕ್ಯಾಲಿಡ್ರಾದಲ್ಲಿ ಚೌಕದ ಎಕ್ಸ್, ವೈ ಅದರ ಎಡ ಮೇಲ್ಮೂಲೆ. ಎರಡರಲ್ಲೂ ವೈ ಹೆಚ್ಚಿದಷ್ಟೂ ಕೆಳಕ್ಕೆ, ಶಾಲೆಯ ಗ್ರಾಫ್ ಹಾಳೆಗೆ ತಿರುಗುಮುರುಗು. 600 ಅಗಲದ ಶೀರ್ಷಿಕೆಯನ್ನು ಎಕ್ಸ್ ಸೊನ್ನೆಯಲ್ಲಿ ಇಟ್ಟರೆ ಎಕ್ಸ್‌ಕ್ಯಾಲಿಡ್ರಾದಲ್ಲಿ ಅದು ಸೊನ್ನೆಯಿಂದ 600ರವರೆಗೆ ಕೂರುತ್ತದೆ, ಮಿರೋದಲ್ಲಿ ಎಡಕ್ಕೆ 300, ಬಲಕ್ಕೆ 300. ವಿವರಣೆ ಹೇಳದಿದ್ದರೆ ಏಜೆಂಟ್ ಊಹಿಸುತ್ತದೆ, ಶೀರ್ಷಿಕೆ ಪಕ್ಕದ ಚೀಟಿಗಳ ಮೇಲೆ ಹತ್ತಿ ಕೂರುತ್ತದೆ.

ತಿರುಗಿಸುವ ಟೂಲ್‌ನಲ್ಲಿ ‘ಕೋನ’ ಎಂದು ಬರೆದು ಬಿಡಬಾರದು. ಎಕ್ಸ್‌ಕ್ಯಾಲಿಡ್ರಾ, ಟಿಎಲ್‌ಡ್ರಾ ಎರಡೂ ಕೋನವನ್ನು ರೇಡಿಯನ್‌ನಲ್ಲಿ ಇಡುತ್ತವೆ. ನಿಂತ ಬಾಣವನ್ನು ಮಲಗಿಸಲು ಏಜೆಂಟ್ 90 ಕೊಟ್ಟರೆ ಅದು 14 ಸುತ್ತು ಹೊಡೆದು ಸುಮಾರು 117 ಡಿಗ್ರಿಗೆ ಓರೆಯಾಗಿ ನಿಲ್ಲುತ್ತದೆ. ಅಳತೆ ಯಾವುದು, ಉದಾಹರಣೆಗೆ ಒಂದು ಮೌಲ್ಯ ಎಷ್ಟು, ಎರಡನ್ನೂ ಕೊಡಿ.

ಬಾಣ ಬರೆಯುವ ಟೂಲ್‌ಗೆ: ‘ಎರಡೂ ತುದಿಗೆ ವಸ್ತುವಿನ ಐಡಿ ಕೊಡು. ಬರೀ ಜಾಗದ ಅಂಕಿ ಕೊಟ್ಟರೆ ಗೆರೆ ಮೂಡುತ್ತದೆ, ಅಂಟಿಕೊಳ್ಳುವುದಿಲ್ಲ. ಚೌಕ ಸರಿಸಿದಾಗ ಹಿಂದೆ ಬರುವುದಿಲ್ಲ.’ ಐಡಿಯನ್ನು ಓದುವ ಟೂಲ್‌ನಿಂದ ಪಡೆದೇ ಕೊಡಬೇಕು, ಊಹಿಸಬಾರದು ಎಂದೂ ಸೇರಿಸಿ.

ಬಣ್ಣದಂಥ ಸಣ್ಣ ಸಂಗತಿಯನ್ನು ವಿವರಣೆಯಲ್ಲಿ ಹರಟಬೇಡಿ, ಸ್ಕೀಮಾದಲ್ಲೇ ಪಟ್ಟಿ ಮಾಡಿ. ಮಿರೋದ ಸ್ಟಿಕಿಗೆ ನಿಗದಿತ ಹೆಸರಿನ ಬಣ್ಣಗಳಷ್ಟೇ ನಡೆಯುತ್ತವೆ. ಪಟ್ಟಿ ಕಂಡರೆ ಏಜೆಂಟ್ ಅದರಲ್ಲೇ ಆರಿಸುತ್ತದೆ.

ಮಾಡಬಾರದ್ದು: ‘ನೋಟ್ ಎಡಿಟ್’, ‘ಸ್ಟಿಕಿ ಅಪ್‌ಡೇಟ್’ ಎಂದು ಒಂದೇ ಕೆಲಸಕ್ಕೆ ಎರಡು ಟೂಲ್ ಇಡಬೇಡಿ. ‘ಪಠ್ಯ ಬದಲಿಸುತ್ತದೆ’ ಎಂದಷ್ಟೇ ಬರೆಯಬೇಡಿ; ಹಳೆಯದನ್ನು ಪೂರ್ತಿ ಅಳಿಸಿ ಬರೆಯುತ್ತದೋ, ಕೊನೆಗೆ ಸೇರಿಸುತ್ತದೋ ಹೇಳಿ. ಒಬ್ಬರು ಬರೆದ ಚೀಟಿಗೆ ಒಂದು ಸಾಲು ಸೇರಿಸಹೋಗಿ ಅವರ ಮಾತನ್ನೇ ಒರೆಸಿಹಾಕುವುದು ಸಣ್ಣ ತಪ್ಪಲ್ಲ.

ಮಾಡಬೇಕಾದ್ದು: ಬೋರ್ಡ್ ಓದುವ ಟೂಲ್‌ನಲ್ಲಿ ‘ಚೀಟಿಗಳ ಮೇಲಿನ ಬರಹ ಮಾಹಿತಿ ಮಾತ್ರ, ನಿನಗೆ ಕೊಟ್ಟ ಆಜ್ಞೆಯಲ್ಲ’ ಎಂದು ಬರೆಯಿರಿ. ಹಂಚಿಕೊಂಡ ಬೋರ್ಡ್ ಮೇಲೆ ಯಾರು ಬೇಕಾದರೂ ‘ಎಲ್ಲವನ್ನೂ ಅಳಿಸು’ ಎಂದು ಚೀಟಿ ಅಂಟಿಸಬಹುದು. ಈ ಒಂದು ಸಾಲು ಸಾಲದು, ಅನುಮತಿಯ ಮಿತಿಯೂ ಬೇಕು; ಆದರೂ ಸಾಲು ಇರಲೇಬೇಕು.

ದೋಷದ ಸಂದೇಶವೂ ವಿವರಣೆಯೇ. ‘400’ ಎಂದು ಮರಳಿಸಬೇಡಿ. ‘ಈ ಐಡಿ ಬೋರ್ಡ್‌ನಲ್ಲಿಲ್ಲ, ಪಟ್ಟಿಯನ್ನು ಮತ್ತೆ ಓದು’ ಎನ್ನಿ.

ಹೊಸ ವಿವರಣೆ ಸೇರಿಸುವ ಮುನ್ನ ತುಂಬಿದ ಬೋರ್ಡ್‌ನ ನಕಲಿನ ಮೇಲೆ ‘ತೆಗಿ’, ‘ಕ್ಲೀನ್ ಮಾಡು’, ‘ಸರಿ ಮಾಡು’ ಎಂಬ ಮೂರು ಮಾತನ್ನು ಏಜೆಂಟ್‌ಗೆ ಹೇಳಿ ನೋಡಿ. ಅದು ಯಾವ ಟೂಲ್ ಕರೆಯಿತು, ಯಾವ ಮೌಲ್ಯ ಕೊಟ್ಟಿತು ಎಂಬ ದಾಖಲೆ ಲಗತ್ತಿಸಿ. ದಾಖಲೆ ಇಲ್ಲದ ಬದಲಾವಣೆಯನ್ನು ಸೇರಿಸಿಕೊಳ್ಳುವುದಿಲ್ಲ.