ಇಂದಿನ ಧಮ್ಮ ಚಿಂತನೆ: ವಾಸಿಯಾಗದ ಕಾಯಿಲೆ ಮತ್ತು ವೈದ್ಯರ ಮನಸ್ಸು



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಲ್ಲ ಧಮ್ಮ ಬಂಧುಗಳಿಗೆ ಮಂಗಳವಾಗಲಿ.

2025ರ ಮೇ, ಜೂನ್ ತಿಂಗಳನ್ನು ನಮ್ಮ ಜಿಲ್ಲೆ ಮರೆತಿಲ್ಲ. ಬೆಳಗಾದರೆ ಹೃದಯಾಘಾತದ ಸುದ್ದಿ. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿಯ ವರದಿಯಲ್ಲಿ ಎದ್ದು ಕಂಡದ್ದು ಯಾವುದೋ ಹೊಸ ರೋಗವಲ್ಲ. ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು, ಧೂಮಪಾನ, ಇವೇ ಹಳೆಯ ಕಾರಣಗಳು.

ಸುದ್ದಿ ತಣ್ಣಗಾಯಿತು, ಸಾಲು ಕರಗಿತು. ಬಿಪಿ, ಸಕ್ಕರೆ ಮಾತ್ರ ಮನೆಮನೆಯಲ್ಲಿ ಉಳಿದವು. ಅವನ್ನು ತಿಂಗಳು ತಿಂಗಳು ನೋಡಬೇಕಾದವರು ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ರೋಗಿಯ ನೋವನ್ನು ನಾವು ಹಲವು ಸಲ ಚಿಂತಿಸಿದ್ದೇವೆ. ಇಂದು ಎದುರು ಕುರ್ಚಿಯಲ್ಲಿ ಕೂತವರ ಮನಸ್ಸನ್ನು ನೋಡೋಣ.

*ವೈದ್ಯರಿಗೆ ಏನನಿಸುತ್ತದೆ?*

ಜ್ವರದ ರೋಗಿ ವಾಸಿಯಾಗಿ ನಗುತ್ತಾ ಹೋಗುತ್ತಾನೆ. ಮುರಿದ ಕೈ ಕೂಡುತ್ತದೆ. ಅದು ವೈದ್ಯರಿಗೂ ಸಂತೋಷ. ಆದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಸಂಧಿವಾತದವರು ಮತ್ತೆ ಮತ್ತೆ ಬರುತ್ತಾರೆ. ಅದೇ ದೂರು, ಅದೇ ಚೀಟಿ. ವೈದ್ಯರಿಗೆ ಬೇಸರ, ಅಸಹಾಯಕತೆ, ಕೆಲವೊಮ್ಮೆ ಕೋಪ. ರೋಗಿಗಳಲ್ಲಿ ಕೆಲವರನ್ನು ಕಂಡೊಡನೆ ಎದೆ ಕುಸಿಯುತ್ತದೆ ಎಂದು ಬ್ರಿಟನ್ನಿನ ವೈದ್ಯ ಓಡೌಡ್ 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಂಥ ರೋಗಿಗಳಿಗೆ 'ಹಾರ್ಟ್‌ಸಿಂಕ್' ಎಂಬ ಹೆಸರೇ ಬಂತು. ಗಮನಿಸಿ: ಕುಸಿಯುವುದು ವೈದ್ಯರ ಎದೆ, ಹೆಸರು ಅಂಟಿದ್ದು ರೋಗಿಗೆ.

ಈ ಬೇಸರದ ಬೇರು ಎಲ್ಲಿದೆ? ವಾಸಿಯಾದರೆ ಗೆಲುವು, ಆಗದಿದ್ದರೆ ಸೋಲು ಎಂಬ ತಿಳಿವಳಿಕೆಯಲ್ಲಿದೆ. ಅದು ತಣ್ಹಾ. ಫಲಕ್ಕೆ ಅಂಟಿಕೊಂಡ ಮನಸ್ಸು ಫಲ ಸಿಗದಾಗ ದುಃಖಪಡುತ್ತದೆ.

*ಭಗವಾನ್ ಬುದ್ಧರು ಏನು ಹೇಳಿದರು?*

ಅಂಗುತ್ತರ ನಿಕಾಯದ ಗಿಲಾನ ಸುತ್ತದಲ್ಲಿ ಮೂರು ಬಗೆಯ ರೋಗಿಗಳಿದ್ದಾರೆ. ಔಷಧಿ ಸಿಕ್ಕರೂ ಸಿಗದಿದ್ದರೂ ವಾಸಿಯಾಗದವನು. ಸಿಕ್ಕರೂ ಸಿಗದಿದ್ದರೂ ವಾಸಿಯಾಗುವವನು. ಸಿಕ್ಕರೆ ಮಾತ್ರ ವಾಸಿಯಾಗುವವನು. ಔಷಧಿ, ಪಥ್ಯ, ಆರೈಕೆ ಎಲ್ಲ ಏರ್ಪಟ್ಟಿರುವುದು ಮೂರನೆಯವನಿಗಾಗಿ. ಆದರೆ ಅವನ ಕಾರಣದಿಂದಲೇ ಉಳಿದಿಬ್ಬರನ್ನೂ ಆರೈಕೆ ಮಾಡಬೇಕು ಎನ್ನುತ್ತಾರೆ ಬುದ್ಧರು. ವಾಸಿಯಾಗದವನನ್ನು ಕೈಬಿಡಲು ಧಮ್ಮದಲ್ಲಿ ಅವಕಾಶವಿಲ್ಲ.

ವಿನಯದ ಮಹಾವಗ್ಗದಲ್ಲಿ ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಖುವಿನ ಪ್ರಸಂಗವಿದೆ. ಅವನಿಂದ ತಮಗೆ ಉಪಯೋಗವಿಲ್ಲವೆಂದು ಬೇರೆ ಭಿಕ್ಖುಗಳು ನೋಡಿಕೊಳ್ಳಲಿಲ್ಲ. ಬುದ್ಧರು ನೀರು ಹಾಕಿದರು, ಆನಂದರು ತೊಳೆದರು, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ತಮ್ಮ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದರು. ಆರೈಕೆ ಮಾಡುವವರ ಐದು ಗುಣಗಳನ್ನೂ ಹೇಳಿದರು: ಔಷಧಿ ಬಲ್ಲವರು, ಹಿತ ಅಹಿತ ತಿಳಿದವರು, ಲಾಭಕ್ಕಲ್ಲದೆ ಮೈತ್ರಿಯಿಂದ ನೋಡುವವರು, ಮಲ ಮೂತ್ರ ವಾಂತಿಗೆ ಹೇಸದವರು, ಧಮ್ಮದ ಮಾತಿನಿಂದ ಧೈರ್ಯ ತುಂಬುವವರು.

ಹೇಸಿಗೆ ನಮಗೆ ಬರಿಯ ಮಾತಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಂದು ಪ್ರಸಂಗ ಕೊಟ್ಟಿದ್ದಾರೆ. ವೈದ್ಯ ಅಸ್ಪೃಶ್ಯ ಬಾಣಂತಿಯನ್ನು ಮುಟ್ಟಲಿಲ್ಲ. ಥರ್ಮಾಮೀಟರನ್ನೂ ಇನ್ನೊಬ್ಬರ ಕೈಯಿಂದ ದಾಟಿಸಿದ. ಆಕೆ ಉಳಿಯಲಿಲ್ಲ. ವೈದ್ಯರ ಮನಸ್ಸು ರೋಗಿಯ ಪ್ರಾಣವನ್ನೇ ಮುಟ್ಟುತ್ತದೆ.

*ನಮ್ಮ ಪಾಲು*

ಬುದ್ಧರು ರೋಗಿಗೂ ಐದು ಗುಣ ಹೇಳಿದ್ದಾರೆ: ಹಿತವಾದುದನ್ನು ಮಾಡುವುದು, ಅದರಲ್ಲೂ ಮಿತಿ ಅರಿಯುವುದು, ಔಷಧಿ ತೆಗೆದುಕೊಳ್ಳುವುದು, ಕಾಯಿಲೆ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಇದ್ದಂತೆಯೇ ಹೇಳುವುದು, ನೋವು ಸಹಿಸುವುದು. ನಾಲ್ಕನೆಯದೇ ನಮಗೆ ಕಷ್ಟ. ಪರೀಕ್ಷೆಗೆ ಎರಡು ದಿನ ಮುಂಚೆ ಮಾತ್ರ ಪಥ್ಯ ಮಾಡಿ ಹೋದರೆ ಆ ದಿನದ ಸಕ್ಕರೆ ಚೆನ್ನಾಗಿ ಕಾಣಬಹುದು. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳಿಬಿಡುತ್ತದೆ. ಆಗ ವೈದ್ಯರ ನಂಬಿಕೆ ಹೋಗುತ್ತದೆ, ಬೇಸರ ಹೆಚ್ಚುತ್ತದೆ.

ಆದರೆ ಸುಳ್ಳು ಹುಟ್ಟುವುದು ಬೈಗುಳದ ಭಯದಿಂದ. ಕೂಲಿ ಬಿಟ್ಟು ಬಂದ ತಾಯಿಗೆ ಒಂದು ದಿನದ ಸಂಬಳ ಹೋಗಿರುತ್ತದೆ. ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವವರು ವೈದ್ಯರು ಹೇಳಿದ ಹೊತ್ತಿಗೆ ಊಟ ಮಾಡಲಾರರು. ಪಡಿತರದ ಅಕ್ಕಿಯೇ ಆಧಾರವಾದ ಮನೆಯಲ್ಲಿ ಅನ್ನ ಬಿಡಿ ಎನ್ನುವುದು ಸುಲಭದ ಮಾತಲ್ಲ. ಇದನ್ನು ಕೇಳಿ ತಿಳಿದ ವೈದ್ಯರು ಬೈಯುವುದಿಲ್ಲ, ದಾರಿ ಹುಡುಕುತ್ತಾರೆ. ಹೇಳದೆ ಅವರಿಗೆ ತಿಳಿಯುವುದೂ ಇಲ್ಲ.

*ಬಾಬಾಸಾಹೇಬರೂ ದೀರ್ಘಕಾಲದ ರೋಗಿ*

ಸಕ್ಕರೆ ಕಾಯಿಲೆ, ನರಗಳ ನೋವು ಅವರನ್ನು ವರ್ಷಗಟ್ಟಲೆ ಕಾಡಿದವು. ಮುಂಬೈನಲ್ಲಿ ಡಾ. ಮಾಳವಣಕರ್ ಅವರ ಚಿಕಿತ್ಸೆ ನಡೆಯಿತು. ಅಲ್ಲಿದ್ದ ಡಾ. ಶಾರದಾ ಕಬೀರ್ ಅವರನ್ನು 1948ರ ಏಪ್ರಿಲ್ 15ರಂದು ಮದುವೆಯಾದರು. ಅವರೇ ನಮ್ಮ ಮಾಯಿಸಾಹೇಬ್. ಕಾಯಿಲೆ ವಾಸಿಯಾಗಲಿಲ್ಲ. ಆದರೆ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥ ಮುಗಿಯಿತು, 1956ರ ಅಕ್ಟೋಬರ್ 14ರ ದೀಕ್ಷೆ ನಡೆಯಿತು. 1956ರ ಮಾರ್ಚ್‌ನಲ್ಲಿ ಬರೆದ ಮುನ್ನುಡಿಯಲ್ಲಿ, ಆರುತ್ತಿದ್ದ ದೀಪವನ್ನು ಮತ್ತೆ ಉರಿಸಿದವರು ಈ ಇಬ್ಬರು ವೈದ್ಯರು ಎಂಬ ಅರ್ಥದಲ್ಲಿ ಅವರು ಕೃತಜ್ಞತೆ ಹೇಳಿದ್ದಾರೆ. ಡಿಸೆಂಬರ್ 6ರ ನಂತರ ಮಾಯಿಸಾಹೇಬರ ಮೇಲೇ ಅನುಮಾನದ ಮಾತುಗಳೆದ್ದವು. ಉಳಿಸಿದ ವರ್ಷಗಳನ್ನು ಯಾರೂ ಎಣಿಸಲಿಲ್ಲ.

ವಾಸಿ ಮಾಡುವುದೊಂದೇ ವೈದ್ಯರ ಗೆಲುವಾಗಿದ್ದರೆ ಆ ಇಬ್ಬರು ಸೋತವರು. ರೋಗಿಗೆ ಬದುಕಲು, ಕೆಲಸ ಮುಗಿಸಲು ದಿನಗಳನ್ನು ಕೊಡುವುದು ಗೆಲುವಾದರೆ, ನಾವೆಲ್ಲ ಇಂದು ಬೌದ್ಧರಾಗಿರುವುದರಲ್ಲಿ ಅವರ ಪಾಲೂ ಇದೆ.

*ಇಂದಿನ ಅಭ್ಯಾಸ*

1. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತಪ್ಪಿದ ಮಾತ್ರೆಗಳನ್ನೂ ತಪ್ಪಿದ ಕಾರಣವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೇಳಿ. ಇದು ಸಮ್ಮಾ ವಾಚಾ.
2. ಒಂಟಿಯಾಗಿ ಹೋಗುವ ಹಿರಿಯರ ಜೊತೆ ಮನೆಯ ಅಥವಾ ಸಂಘದ ಒಬ್ಬರು ಹೋಗಿ.
3. ಸಂಜೆ ಮೈತ್ರಿ ಭಾವನೆಯಲ್ಲಿ ರೋಗಿಗಳ ಜೊತೆಗೆ ವೈದ್ಯರು, ನರ್ಸ್, ಆಶಾ ಕಾರ್ಯಕರ್ತೆಯರನ್ನೂ ನೆನೆಯಿರಿ.
4. ನಮ್ಮ ಮಕ್ಕಳಲ್ಲಿ ವೈದ್ಯಕೀಯ, ನರ್ಸಿಂಗ್ ಓದುತ್ತಿರುವವರಿಗೆ ಗಿಲಾನ ಸುತ್ತವನ್ನು ಓದಿ ಹೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏