ಕೂಡಿದ ಬಿಲ್ಲಿನಿಂದ ಬಿಡಿ ದರ: ವರ್ಜಿಸುವ ವಿಧಾನದ ಒಂದು ಪಾಠ

ತಿರುಮಕೂಡಲಿನಲ್ಲಿ ಒಂದಾದ ಕಾವೇರಿ, ಕಪಿಲೆಯರ ನೀರನ್ನು ಮರಳಿ ಬೇರ್ಪಡಿಸಲಾಗದು. ಆದರೆ ಒಂದೇ ಬಿಲ್ಲಿನಲ್ಲಿ ಬೆರೆತ ಎರಡು ದರಗಳನ್ನು ಬೇರ್ಪಡಿಸಬಹುದು. ಪ್ರೌಢಶಾಲೆಯಲ್ಲಿ ನಾವೆಲ್ಲರೂ ಕಲಿತು ಮರೆತ ಏಕಕಾಲಿಕ ಸಮೀಕರಣಗಳ ಪಾಠವೇ ಇದಕ್ಕೆ ಸಾಧನ.

ತಿ. ನರಸೀಪುರದ ವರ್ತಕರೊಬ್ಬರು ನಂಜನಗೂಡಿನ ಘಟಕವೊಂದರಿಂದ ದೊಡ್ಡ ಹಾಗೂ ಚಿಕ್ಕ ರಟ್ಟಿನ ಪೆಟ್ಟಿಗೆಗಳನ್ನು ತರಿಸುತ್ತಾರೆಂದು ಭಾವಿಸೋಣ. ಬಿಲ್ಲಿನಲ್ಲಿ ಒಟ್ಟು ಮೊತ್ತ ಮಾತ್ರ ಇದೆ. ಮೊದಲ ತಿಂಗಳು 60 ದೊಡ್ಡವು, 50 ಚಿಕ್ಕವು: ರೂ. 4,100. ಎರಡನೆಯ ತಿಂಗಳು 40 ದೊಡ್ಡವು, 75 ಚಿಕ್ಕವು: ರೂ. 3,900. ಈಗ ಗ್ರಾಹಕರೊಬ್ಬರು ದೊಡ್ಡ ಪೆಟ್ಟಿಗೆಗಳಿಗೆ ಮಾತ್ರ ದರ ಕೇಳಿದ್ದಾರೆ. 4,100ನ್ನು 110ರಿಂದ ಭಾಗಿಸಿ, ಅಸಲು ಸುಮಾರು 37 ರೂಪಾಯಿ ಎಂದು ತಿಳಿದು, 40 ರೂಪಾಯಿಗೆ ಒಪ್ಪಿಕೊಳ್ಳಬಹುದೇ?

ವಿಧಾನ

ದೊಡ್ಡದರ ಬೆಲೆ 'ದ', ಚಿಕ್ಕದರ ಬೆಲೆ 'ಚ' ಆಗಿರಲಿ.

60ದ + 50ಚ = 4,100 (1)
40ದ + 75ಚ = 3,900 (2)

'ಚ'ದ ಸಂಖ್ಯೆಗಳು ಸಮನಾಗುವಂತೆ ಮೊದಲನೆಯದನ್ನು 3ರಿಂದಲೂ ಎರಡನೆಯದನ್ನು 2ರಿಂದಲೂ ಗುಣಿಸಬೇಕು.

180ದ + 150ಚ = 12,300
80ದ + 150ಚ = 7,800

ಕಳೆದಾಗ 'ಚ' ವರ್ಜಿತವಾಗಿ 100ದ = 4,500 ಉಳಿಯುತ್ತದೆ. ಆದುದರಿಂದ ದ = 45. ಇದನ್ನು (1)ರಲ್ಲಿ ಇಟ್ಟರೆ ಚ = 28. ತಾಳೆ ನೋಡಲು (2)ರಲ್ಲಿ ಇಡಿ: 1,800 + 2,100 = 3,900. ಸರಿಯಾಗಿದೆ. ಅಂದರೆ 40 ರೂಪಾಯಿಗೆ ಮಾರಿದ್ದರೆ ಪ್ರತಿ ಪೆಟ್ಟಿಗೆಗೂ 5 ರೂಪಾಯಿ ನಷ್ಟವಾಗುತ್ತಿತ್ತು.

ಎಚ್ಚರಿಕೆಗಳು

ಎರಡು ಬಿಲ್ಲುಗಳಿದ್ದ ಮಾತ್ರಕ್ಕೆ ಎರಡು ಸಾಕ್ಷ್ಯಗಳಿವೆ ಎಂದಲ್ಲ. ಮೂರನೆಯ ತಿಂಗಳು 120 ದೊಡ್ಡವು, 100 ಚಿಕ್ಕವು, ಮೊತ್ತ ರೂ. 8,200 ಎಂದಿರಲಿ. ಇದು ಮೊದಲ ಬಿಲ್ಲಿನ ಎರಡರಷ್ಟೇ. ಇವೆರಡನ್ನು ಕಳೆದರೆ 0 = 0 ಉಳಿಯುತ್ತದೆ; ಹೊಸದೇನೂ ತಿಳಿಯದು. ಅದೇ ಬಿಲ್ಲು ರೂ. 8,450 ಆಗಿದ್ದರೆ 0 = 250 ಎಂಬ ಅಸಂಗತಿ ಬರುತ್ತದೆ. ಆಗ ದರ ಬದಲಾಗಿದೆ, ಸಾಗಣೆಯಂಥ ಬೇರೆ ಖರ್ಚು ಸೇರಿದೆ, ಇಲ್ಲವೇ ಲೆಕ್ಕ ತಪ್ಪಿದೆ. ಹಣ ಪಾವತಿಸುವ ಮುನ್ನ ವಿಚಾರಿಸುವುದು ಒಳಿತು.

ಪ್ರಮಾಣಗಳು ತೀರ ಸಮೀಪವಿದ್ದರೂ ಅಪಾಯವೇ. 61 ದೊಡ್ಡವು, 50 ಚಿಕ್ಕವುಗಳ ನಿಜವಾದ ಮೊತ್ತ ರೂ. 4,145. ಅದನ್ನು ರೂ. 4,150 ಎಂದು ದುಂಡಾಗಿಸಿದ್ದರೆ, (1)ರೊಡನೆ ಬಿಡಿಸಿದಾಗ ದ = 50, ಚ = 22 ಎಂದು ಬರುತ್ತದೆ. ಒಟ್ಟಿನಲ್ಲಿ 5 ರೂಪಾಯಿಯ ವ್ಯತ್ಯಾಸ, ಆದರೆ ಎರಡು ದರಗಳೂ ಕೆಡುತ್ತವೆ. ಆದುದರಿಂದ ಸರಕಿನ ಪ್ರಮಾಣ ಸಾಕಷ್ಟು ಭಿನ್ನವಾಗಿರುವ ಬಿಲ್ಲುಗಳನ್ನೇ ಆರಿಸಿಕೊಳ್ಳಬೇಕು. ಎರಡರ ಅವಧಿಯಲ್ಲಿಯೂ ದರ ಒಂದೇ ಆಗಿತ್ತೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಸರಕು ಮೂರು ಬಗೆಯದಾದರೆ ಮೂರು ಸ್ವತಂತ್ರ ಬಿಲ್ಲುಗಳು ಬೇಕು. ಮೇಲು, ಮಧ್ಯಮ, ಕೀಳು ದರ್ಜೆಯ ಪೈರಿನ ಕಟ್ಟುಗಳಿಂದ ದೊರೆಯುವ ಧಾನ್ಯವನ್ನು ಕುರಿತ ಇಂಥ ಲೆಕ್ಕವು ಚೀನಾದ ಪ್ರಾಚೀನ ಗಣಿತಗ್ರಂಥ 'ಒಂಬತ್ತು ಅಧ್ಯಾಯಗಳು' ಎಂಬುದರಲ್ಲಿಯೇ ಇದೆ.

ಅಭ್ಯಾಸ

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರ ಸಂಗ್ರಹ'ದಲ್ಲಿ ಹಣ್ಣಿನ ವ್ಯಾಪಾರದ ಲೆಕ್ಕವೊಂದಿದೆ. ಅದರ ಸಾರಾಂಶ: 9 ಮಾದಲ ಹಣ್ಣು, 7 ಬೇಲದ ಹಣ್ಣುಗಳ ಬೆಲೆ 107, 7 ಮಾದಲ, 9 ಬೇಲದ ಹಣ್ಣುಗಳ ಬೆಲೆ 101. ಬಿಡಿ ಬೆಲೆ ಎಷ್ಟು?

ಓದುಗರು ಮೇಲಿನ ಕ್ರಮದಲ್ಲಿ ಬಿಡಿಸಿ, ಉತ್ತರವನ್ನು ತಾಳೆ ನೋಡಬಹುದು: ಮಾದಲ 8, ಬೇಲ 5. ಅನಂತರ ತಮ್ಮ ಅಂಗಡಿಯ ಎರಡು ಹಳೆಯ ಬಿಲ್ಲುಗಳನ್ನು ಕೈಗೆತ್ತಿಕೊಳ್ಳಲಿ.